ಎರಡು ದಿನದ ಬರೋಲೊ ಪ್ರವಾಸಕ್ಕೆ ಎಷ್ಟು ನೆಲಮಾಳಿಗೆ?

ಯೂರೋಪಿನಲ್ಲಿ ನೌಕರಿಯಲ್ಲಿರುವ ಮಕ್ಕಳನ್ನು ನೋಡಲು ಹೋಗುವ ಹಿರಿಯರು ಈಗ ನಮ್ಮಲ್ಲಿ ಬಹಳ ಮಂದಿ. ರೋಮ್, ವೆನಿಸ್‌ಗಳ ಜೊತೆಗೆ ಇಟಲಿಯ ವೈನ್ ಸೀಮೆಯಲ್ಲಿ ಎರಡು ದಿನ ಕಳೆಯುವ ಕಾರ್ಯಕ್ರಮವನ್ನೂ ಮಕ್ಕಳು ಹಾಕಿರುತ್ತಾರೆ. ಹೊರಡುವ ಮುನ್ನ ರಕ್ತದೊತ್ತಡ ಪರೀಕ್ಷಿಸಿಕೊಳ್ಳಲು ಬಂದವರು ಆ ಪಟ್ಟಿಯನ್ನು ಸಂಭ್ರಮದಿಂದ ತೋರಿಸುತ್ತಾರೆ. ಅದರಲ್ಲಿ ದಿನಕ್ಕೆ ಮೂರು, ನಾಲ್ಕು ವೈನ್ ನೆಲಮಾಳಿಗೆಗಳು! ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ದಿನಕ್ಕೆ ಒಂದೇ ಸಾಕು. ಅದೂ ಊಟವಾದ ಮೇಲೆ. ರುಚಿ ನೋಡಿದವರು ಯಾರೂ ಅಂದು ಕಾರು ಓಡಿಸಕೂಡದು.

ಏಕೆಂದು ಲೆಕ್ಕ ಹಾಕಿ ನೋಡೋಣ. ವಾಯವ್ಯ ಇಟಲಿಯಲ್ಲಿ ಆಲ್ಬಾ ಪಟ್ಟಣದ ಸುತ್ತಲಿನ ಲಾಂಗೆ ಗುಡ್ಡಗಳಲ್ಲಿ ಬರೋಲೊ ಎಂಬ ಹಳ್ಳಿಯಿದೆ. ಅದರ ಹೆಸರಿನ ಕೆಂಪು ವೈನನ್ನು ನೆಬ್ಬಿಯೋಲೊ ಎಂಬ ಒಂದೇ ಜಾತಿಯ ದ್ರಾಕ್ಷಿಯಿಂದ ಮಾಡಿ, ಕನಿಷ್ಠ 38 ತಿಂಗಳು ಇಟ್ಟು ಮಾಗಿಸಬೇಕೆಂಬ ನಿಯಮವಿದೆ. ಇದರಲ್ಲಿ ಮದ್ಯಸಾರ ಶೇ. 13ಕ್ಕಿಂತ ಕಡಿಮೆ ಇರುವಂತಿಲ್ಲ. ಸಾಮಾನ್ಯವಾಗಿ 14 ಇರುತ್ತದೆ. ಒಂದು ನೆಲಮಾಳಿಗೆಯಲ್ಲಿ ಐದು ಬಗೆ ಕೊಟ್ಟರು, ಪ್ರತಿಯೊಂದೂ 40 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಒಟ್ಟು 200 ಮಿ.ಲೀ., ಅಂದರೆ 22 ಗ್ರಾಂ ಶುದ್ಧ ಮದ್ಯಸಾರ. ನಮ್ಮ ಯಕೃತ್ತು ಗಂಟೆಗೆ ವಿಲೇವಾರಿ ಮಾಡುವುದು ಸುಮಾರು ಏಳೆಂಟು ಗ್ರಾಂ ಮಾತ್ರ. ಅರವತ್ತು ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಇಷ್ಟನ್ನು ಬೇಗ ಕುಡಿದರೆ, ಲೀಟರ್ ರಕ್ತಕ್ಕೆ ಅರ್ಧ ಗ್ರಾಂ ಎಂಬ ಇಟಲಿಯ ಚಾಲನಾ ಮಿತಿಯ ಹತ್ತಿರ ಬರುತ್ತಾನೆ, ದಾಟಲೂಬಹುದು. ಹೆಂಗಸರ ಮತ್ತು ವಯಸ್ಸಾದವರ ದೇಹದಲ್ಲಿ ನೀರಿನಂಶ ಕಡಿಮೆಯಾದ್ದರಿಂದ ಅವರಿಗೆ ಇನ್ನೂ ಬೇಗ ಏರುತ್ತದೆ. ಇದು ಒಂದೇ ನೆಲಮಾಳಿಗೆಯ ಲೆಕ್ಕ. ನಾಲ್ಕಾದರೆ? ಲಾಂಗೆಯ ರಸ್ತೆಗಳು ನಮ್ಮ ಘಟ್ಟದ ರಸ್ತೆಗಳಂತೆ ತಿರುವು ಮುರುವು ಎಂಬುದನ್ನೂ ನೆನಪಿಡಿ.

ಅಲ್ಲಿ ಮೇಜಿನ ಮೇಲೆ ಉಗುಳುವ ಪಾತ್ರೆಯೊಂದನ್ನು ಇಟ್ಟಿರುತ್ತಾರೆ. ವೃತ್ತಿಪರರು ಬಾಯಲ್ಲಿ ಆಡಿಸಿ ಅದರೊಳಗೆ ಉಗುಳುತ್ತಾರೆ, ಅದು ಅವಮರ್ಯಾದೆಯಲ್ಲ. ಊರಿನ ಗೋಡೆಗಳಿಗೆಲ್ಲ ಎಲೆಅಡಿಕೆ ಬಣ್ಣ ಬಳಿಯುವ ನಾವು ಅಲ್ಲಿ ಮಾತ್ರ ಸಂಕೋಚಪಟ್ಟು ನುಂಗಿಬಿಡುತ್ತೇವೆ!

ಮಾತ್ರೆ ತೆಗೆದುಕೊಳ್ಳುವವರ ಬಗ್ಗೆ ನನಗೆ ಹೆಚ್ಚು ಕಾಳಜಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಬಳಸುವವರಲ್ಲಿ ಮದ್ಯಸಾರವು ಯಕೃತ್ತು ಸಕ್ಕರೆ ತಯಾರಿಸುವುದನ್ನು ತಡೆದು, ಗಂಟೆಗಳ ನಂತರ, ಕೆಲವೊಮ್ಮೆ ನಡುರಾತ್ರಿ, ರಕ್ತದ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಬಹುದು. ಬೆವರು, ತೊದಲು ಮಾತು, ತೂರಾಟ ಇವನ್ನು ನೋಡಿದವರು ‘ಸ್ವಲ್ಪ ಜಾಸ್ತಿಯಾಗಿದೆ, ಮಲಗಲಿ’ ಎಂದುಕೊಳ್ಳುತ್ತಾರೆ. ಆ ನಿದ್ದೆಯಿಂದ ಏಳದೇ ಹೋಗುವ ಸಾಧ್ಯತೆಯೂ ಉಂಟು. ಸಸ್ಯಾಹಾರಿಗಳಿಗೆ ಈ ಅಪಾಯ ಹೆಚ್ಚು. ಆ ಸೀಮೆಯ ಹೆಸರಾಂತ ತಾಜಾರಿನ್ ಎಂಬ ಶ್ಯಾವಿಗೆಯಲ್ಲಿ ಮೊಟ್ಟೆ ಇರುತ್ತದೆ, ತುಂಬಿದ ಕಡುಬಿನಂಥ ಆನ್ಯೊಲೊತ್ತಿಯಲ್ಲಿ ಮಾಂಸ. ಏನೂ ತಿನ್ನದೆ ಗ್ಲಾಸು ಹಿಡಿಯುವವರು ಇವರೇ. ಒಗ್ಗರಣೆ ಅವಲಕ್ಕಿಯೋ ಚಪಾತಿ ಚಟ್ನಿಪುಡಿಯೋ ಕೈಯಲ್ಲಿರಲಿ, ಸಕ್ಕರೆಯ ಪೊಟ್ಟಣವೂ ಇರಲಿ.

ಹೊಟ್ಟೆ ಕೆಟ್ಟೀತೆಂದು ನಮ್ಮವರು ಒಯ್ಯುವ ಮೆಟ್ರೊನಿಡಜೋಲ್, ಟಿನಿಡಜೋಲ್ ಮಾತ್ರೆಗಳ ಜೊತೆ ವೈನ್ ಬೇಡವೇ ಬೇಡ. ಮಾತ್ರೆ ನಿಲ್ಲಿಸಿದ ಮೇಲೂ ಮೂರು ದಿನ ಬಿಡಿ. ವಿಮಾನಯಾನದ ನಂತರದ ನಿದ್ದೆಗೆಂದು ನುಂಗುವ ಆಲ್ಪ್ರಜೋಲಂ, ವಾಂತಿಗೆಂದು ನುಂಗುವ ಅವೊಮಿನ್ ಇವೂ ಮದ್ಯದೊಡನೆ ಸೇರಿ ಮಂಪರನ್ನು ಇಮ್ಮಡಿಸುತ್ತವೆ.

‘ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತಲ್ಲ ಡಾಕ್ಟ್ರೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಫ್ರೆಂಚರಿಗೆ ಹೃದ್ರೋಗ ಕಡಿಮೆ, ಅದಕ್ಕೆ ವೈನ್ ಕಾರಣವಿರಬಹುದು ಎಂಬ ಮಾತು 1991ರಲ್ಲಿ ಅಮೆರಿಕದ ಒಂದು ಟಿ.ವಿ. ಕಾರ್ಯಕ್ರಮದಿಂದ ಜಗತ್ತಿಗೆಲ್ಲ ಹಬ್ಬಿತು. ಆದರೆ ಮದ್ಯವು ಕ್ಯಾನ್ಸರ್‌ಕಾರಕ ಎಂದು 1988ರಲ್ಲೇ ವರ್ಗೀಕರಣವಾಗಿತ್ತು. ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ರುಚಿಗಾಗಿ ಒಂದು ಗ್ಲಾಸು ಕುಡಿಯುವವರೊಡನೆ ನನಗೆ ಜಗಳವಿಲ್ಲ. ಔಷಧವೆಂದು ಕುಡಿಯುವವರನ್ನು ಒಪ್ಪಲಾರೆ.

ಕಲಬೆರಕೆಯ ಭಯವನ್ನೂ ಕೆಲವರು ಹೇಳುತ್ತಾರೆ. 1986ರಲ್ಲಿ ಇದೇ ಪ್ರಾಂತದ ಅಗ್ಗದ ವೈನಿಗೆ ಮೆಥನಾಲ್ ಬೆರೆಸಿ ಇಪ್ಪತ್ತರಷ್ಟು ಜನ ಸತ್ತದ್ದು ನಿಜ. 1981ರ ಬೆಂಗಳೂರಿನ ಕಳ್ಳಭಟ್ಟಿ ದುರಂತ ಕಂಡ ನಮಗೆ ಅದು ಹೊಸದಲ್ಲ. ಆ ನಂತರ ಅಲ್ಲಿ ತಪಾಸಣೆ ಬಿಗಿಯಾಯಿತು. ಬರೋಲೊ ಸೀಸೆಯ ಕತ್ತಿಗೆ ಸಂಖ್ಯೆಯುಳ್ಳ ಸರ್ಕಾರಿ ಪಟ್ಟಿ ಅಂಟಿಸಿರುತ್ತಾರೆ, ನೋಡಿಕೊಳ್ಳಿ.

ಹಾಗಾದರೆ ಎರಡು ದಿನ ಮಾಡುವುದೇನು? ಈ ದ್ರಾಕ್ಷಿ ಗುಡ್ಡಗಳು 2014ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ; ಕುಡಿಯದವರೂ ನೋಡಬೇಕಾದ ಜಾಗ. ಲಾ ಮೊರ್ರಾ ಹಳ್ಳಿಯಿಂದ ತೋಟಗಳ ನಡುವೆ ಬರೋಲೊಗೆ ನಡೆದೇ ಹೋಗಬಹುದು. ಇಳಿಜಾರೇ ಹೆಚ್ಚಾದ್ದರಿಂದ ಮಂಡಿನೋವಿದ್ದವರು ಕೋಲು ಹಿಡಿಯಲಿ. ಬರೋಲೊದ ಕೋಟೆಯೊಳಗೆ ವೈನಿನ ವಸ್ತುಸಂಗ್ರಹಾಲಯವಿದೆ. ಹಳ್ಳಿಯಲ್ಲೇ ತಂಗಿದರೆ ಕಾರಿನ ಗೊಡವೆಯೇ ಬೇಡ. ದೂರ ಹೋಗಬೇಕಾದರೆ ಬಾಡಿಗೆಗೆ ಚಾಲಕನನ್ನೇ ಗೊತ್ತುಮಾಡಿ.

ಷೆಂಗೆನ್ ವೀಸಾಕ್ಕೆಂದು ಮಾಡಿಸಿದ 30,000 ಯೂರೋ ವಿಮೆಯ ಸಣ್ಣ ಅಕ್ಷರಗಳನ್ನು ಹೊರಡುವ ಮುನ್ನ ಓದಿ. ಕುಡಿದಾಗ ಆದ ಅಪಘಾತಕ್ಕೆ ಹಣ ಕೊಡುವುದಿಲ್ಲವೆಂದು ಬಹಳ ಪಾಲಿಸಿಗಳಲ್ಲಿ ಬರೆದಿರುತ್ತದೆ. ತುರ್ತಿಗೆ ಅಲ್ಲಿನ ದೂರವಾಣಿ ಸಂಖ್ಯೆ 112. ನಿಮ್ಮ ಮಾತ್ರೆಗಳ ಹೆಸರು, ಪ್ರಮಾಣ ಬರೆದ ಚೀಟಿ ಜೇಬಿನಲ್ಲಿರಲಿ, ಪೆಟ್ಟಿಗೆಯಲ್ಲಲ್ಲ.