ಫೋಟೋದಲ್ಲಿಲ್ಲದ ಅಪ್ಪೆಹುಳಿ

ಬೇಸಿಗೆ ಬಂತು ಅಂದ್ರೆ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ರಾತ್ರಿಯೂಟದ ಫೋಟೋಗಳ ಮೆರವಣಿಗೆ. ಎಲ್ಲವೂ ಹೋಟೆಲಿನವೇ. "ಈ ಸೆಕೆಯಲ್ಲಿ ಒಲೆ ಮುಂದೆ ಯಾರು ನಿಲ್ತಾರೆ ಗುರೂ?" ಅನ್ನೋದು ಸಮಜಾಯಿಷಿ. ಸ್ವಾಮಿ, ಅದೇ ಸೆಕೆಯಲ್ಲಿ ನಿಮಗೋಸ್ಕರ ತಂದೂರ್ ಒಲೆ ಮುಂದೆ ಒಬ್ಬ ನಿಂತಿರ್ತಾನೆ. ಬಿಲ್ಲಿನಲ್ಲಿ ಶೇ. 5 ಜಿಎಸ್‌ಟಿ ಕಾಣುತ್ತೆ, ಅವನ ಬೆವರು ಕಾಣಲ್ಲ.

ಶಿರಸಿ ಕಡೆಯ ನಮ್ಮೂರಲ್ಲಿ ಸೆಕೆಗೆ ಮದ್ದು ಅಡುಗೆಯಲ್ಲೇ ಇತ್ತು. ಒಂದೆಲಗ, ಜೀರಿಗೆ, ಕಾಯಿತುರಿ ರುಬ್ಬಿ ಮಜ್ಜಿಗೆಗೆ ಸೇರಿಸಿದರೆ ತಂಬುಳಿ. ಬೇಯಿಸಿದ ಮಾವಿನಕಾಯಿ ಕಿವುಚಿ, ನೀರು ಬೆರೆಸಿ, ಉಪ್ಪು ಹಾಕಿ ಇಂಗಿನ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ಉಂಡ ಮೇಲೆ ಒಂದು ಲೋಟ ಕುಡಿದರೆ ಕಣ್ಣು ತಾನಾಗೇ ಮುಚ್ಚುತ್ತೆ.

ಹೋಟೆಲಿಗೆ ಹೋಗಲೇಬೇಡಿ ಅಂತಿಲ್ಲ, ನಾನೂ ಹೋಗ್ತೀನಿ. ಆದರೆ ಮೊನ್ನೆ ಫೋನು ಜಾಲಾಡಿದರೆ ಪನೀರ್ ಟಿಕ್ಕಾದ ಫೋಟೋಗಳೇ ಹತ್ತಾರು, ಆಯಿ ಮಾಡಿದ ಅಪ್ಪೆಹುಳಿಯದು ಒಂದೂ ಇಲ್ಲ! ನಾಚಿಕೆಯಾಯ್ತು. ಫೋನ್ ಮಾಡಿ, ಹೇಗೆ ಮಾಡೋದು ಅಂತ ಮೊದಲ ಸಲ ಕೇಳಿದೆ. "ಅದ್ರಲ್ಲಿ ಕೇಳಲೆ ಎಂತ ಇದ್ದು ತಮಾ?" ಅಂದವಳು ಅರ್ಧ ಗಂಟೆ ಹೇಳಿದಳು.

ನೀವೂ ಇವತ್ತೇ ಮನೆಗೆ ಫೋನ್ ಮಾಡಿ ಕೇಳಿ, ಬರೆದಿಟ್ಟುಕೊಳ್ಳಿ, ಗುಂಪಿಗೂ ಹಾಕಿ. ಹೋಟೆಲು ನಾಳೆಯೂ ತೆರೆದಿರುತ್ತೆ.