ಮರಳುಗಾಡಿನಲ್ಲಿ ಎರಡು ಬಗೆಯ ಕೋಟೆಗಳು

ಟಿಬೆಟ್ಟಿನ ಬೌದ್ಧ ವಿಹಾರ, ಈಜಿಪ್ಟಿನ ದೇಗುಲ ಎರಡೂ ಒಂದೇ ಬಯಲಿನಲ್ಲಿ ಇರಲು ಸಾಧ್ಯವೆ? ಸಿನಿಮಾದವರು ಮನಸ್ಸು ಮಾಡಿದರೆ ಸಾಧ್ಯ. ಆಫ್ರಿಕಾದ ಮೊರಾಕ್ಕೊ ದೇಶದಲ್ಲಿ, ಅಟ್ಲಾಸ್ ಪರ್ವತದ ದಕ್ಷಿಣಕ್ಕೆ ವಾರ್ಜಜಾತ್ ಎಂಬ ಪಟ್ಟಣವಿದೆ. ಅಲ್ಲಿ 1983ರಲ್ಲಿ ಆರಂಭವಾದ ಅಟ್ಲಾಸ್ ಸ್ಟುಡಿಯೊ ಇಂಥ ಹಲವು ದೇಶಗಳನ್ನು ಸೃಷ್ಟಿಸಿದೆ. ದಲೈ ಲಾಮಾ ಅವರ ಜೀವನ ಕುರಿತ 'ಕುಂದುನ್' (1997) ಚಿತ್ರದ ಟಿಬೆಟ್ ರೂಪುಗೊಂಡದ್ದು ಇಲ್ಲಿಯೇ.

ಪ್ರವಾಸಿಗರು ಟಿಕೆಟ್ ಪಡೆದು ಸ್ಟುಡಿಯೊ ನೋಡಬಹುದು. ಮುಂದಿನಿಂದ ಭಾರಿ ಕಲ್ಲಿನಂತೆ ಕಾಣುವ ಗೋಡೆಯನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು! ಹಿಂದೆ ಹೋದರೆ ಕಾಣುವುದು ಮರದ ಊರುಗೋಲುಗಳು, ಪ್ಲಾಸ್ಟರಿನ ಬೆನ್ನು.

ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಐತ್ ಬೆನ್‌ಹದ್ದೂ ಮಾತ್ರ ನಿಜವಾದ ಕೋಟೆಯೂರು. ಸಹಾರಾದಿಂದ ಮರಾಕೆಶ್‌ಗೆ ಸಾಗುತ್ತಿದ್ದ ಒಂಟೆ ಸಾರ್ಥಗಳ ದಾರಿಯಲ್ಲಿ ಅದು ಬೆಳೆಯಿತು. 'ಗ್ಲಾಡಿಯೇಟರ್' (2000) ಚಿತ್ರದಲ್ಲಿ, 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯಲ್ಲಿ ನೀವು ಅದನ್ನು ನೋಡಿರಬಹುದು.

ವಿಶೇಷವೆಂದರೆ ಈ ಕೋಟೆಯಲ್ಲಿ ಕಲ್ಲಿಗಿಂತ ಮಣ್ಣೇ ಹೆಚ್ಚು. ಹಲಗೆಗಳ ನಡುವೆ ಹಸಿಮಣ್ಣು ತುಂಬಿ, ದಿಮ್ಮಿಯಿಂದ ಬಡಿದು ಗಟ್ಟಿಮಾಡಿ, ಪದರದ ಮೇಲೆ ಪದರ ಏರಿಸಿದ ದಪ್ಪ ಗೋಡೆಗಳು ಅವು. ಹಗಲಿನ ಬಿಸಿಲನ್ನು ತಡೆಯುತ್ತವೆ. ರಾತ್ರಿಯ ಚಳಿಯಲ್ಲಿ ಬೆಚ್ಚಗಿಡುತ್ತವೆ. ಆದರೆ ಮಳೆ ಅವುಗಳ ವೈರಿ. ನೀರು ಇಳಿದರೆ ಗೋಡೆ ಕರಗುತ್ತದೆ. ಆದ್ದರಿಂದ ಮಳೆಗಾಲ ಕಳೆದಂತೆಲ್ಲ ಮಾಳಿಗೆಗೆ, ಗೋಡೆಗೆ ಮತ್ತೆ ಮಣ್ಣು ಮೆತ್ತುವ ಕೈಗಳು ಬೇಕು.

ಕೊರತೆ ಇರುವುದು ಆ ಕೈಗಳಿಗೇ. 1987ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಹೆಚ್ಚಿನ ಕುಟುಂಬಗಳು ಹೊಳೆಯಾಚೆಯ ಹೊಸ ಊರಿಗೆ ಹೋಗಿ ನೆಲೆಸಿವೆ. ಕೋಟೆಯೊಳಗೆ ಉಳಿದವರು ಬೆರಳೆಣಿಕೆಯಷ್ಟು. ಸಿಮೆಂಟಿನಿಂದ ತೇಪೆ ಹಾಕೋಣವೆಂದರೆ ಒಳಗಿನ ತೇವ ಹೊರಬರಲಾರದೆ ಮಣ್ಣೇ ಸಡಿಲವಾಗುತ್ತದೆ.

ಸ್ಟುಡಿಯೊದ ಕೋಟೆ ಚಿತ್ರೀಕರಣ ಮುಗಿಯುವವರೆಗೆ ನಿಂತರೆ ಸಾಕು. ಹಳೆಯ ಕೋಟೆ ನಿಲ್ಲಬೇಕಾದರೆ ಅದರೊಳಗೆ ಒಲೆ ಉರಿಯುತ್ತಿರಬೇಕು, ಮಕ್ಕಳು ಓಡಾಡುತ್ತಿರಬೇಕು. ಕ್ಯಾಮೆರಾ ಎರಡನ್ನೂ ಒಂದೇ ಬಗೆಯಲ್ಲಿ ತೋರಿಸುತ್ತದೆ. ಭೇದ ಅರಿಯಬೇಕಾದವರು ನಾವು.

ಮುಂದೆ ಮಕ್ಕಳೊಡನೆ ಇಂಥ ಚಿತ್ರ ನೋಡುವಾಗ, ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯನ್ನೂ ಗಮನಿಸಿ. ಚಿತ್ರೀಕರಣದ ಊರು ಯಾವುದೆಂದು ಭೂಪಟದಲ್ಲಿ ಹುಡುಕಿ. ಅದನ್ನು ಯಾವುದರಿಂದ ಕಟ್ಟಿದ್ದಾರೆ, ಅಲ್ಲಿ ಈಗ ಯಾರಿದ್ದಾರೆ ಎಂದು ಕೇಳಿಕೊಂಡರೆ ಭೂಗೋಳ, ಇತಿಹಾಸ ಎರಡೂ ಪಾಠಗಳು ಮನೆಯಲ್ಲೇ ಶುರುವಾದಂತೆ.