ಮಿನಿ ಟ್ರ್ಯಾಕ್ಟರ್ ಕೊಟ್ಟಿಗೆಗೂ ದುಡಿಯಲಿ

ಹೈನುಗಾರ ಬಂಧುಗಳೇ, ಅರಿಸಿನ, ಬಾಳೆ, ಚೆಂಡು ಹೂವಿನ ಬೇಸಾಯಕ್ಕೆಂದು ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಹಲವರು ಮಿನಿ ಟ್ರ್ಯಾಕ್ಟರ್ ಕೊಂಡಿದ್ದೀರಿ. ಜೊತೆಗಿರುವುದು ಬಹುಪಾಲು ರೋಟವೇಟರ್ ಒಂದೇ. ಉಳುಮೆ ಮುಗಿದರೆ ಗಾಡಿ ಶೆಡ್ಡಿನಲ್ಲಿ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಇನ್ನೊಂದು ಸಾಧನ ಕೊಳ್ಳುವುದಾದರೆ ಪಿಟಿಒಗೆ ಜೋಡಿಸುವ ಮೇವು ಕತ್ತರಿಸುವ ಯಂತ್ರವನ್ನೇ ಕೊಳ್ಳಿ ಎನ್ನುತ್ತೇನೆ. ಉದ್ದ ಕಡ್ಡಿ ಹಾಕಿದರೆ ರಾಸು ಎಲೆ ತಿಂದು ದಂಟನ್ನು ಗೊಂತಿನಲ್ಲೇ ಬಿಡುತ್ತದೆ. ಮುಸುಕಿನ ಜೋಳದ ಕಾಳು ಹಾಲು ಕಳೆದು ಗಟ್ಟಿಯಾಗುವ ಹೊತ್ತಿಗೆ ಕೊಯ್ದು, ಸಣ್ಣಗೆ ಕತ್ತರಿಸಿ ಗುಂಡಿಗೆ ತುಂಬಿ, ಗಾಳಿ ಉಳಿಯದಂತೆ ತುಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ಸುಮಾರು 45 ದಿನಕ್ಕೆ ರಸಮೇವು ಸಿದ್ಧ. ಏಪ್ರಿಲ್ ಬಿಸಿಲಲ್ಲಿ ಹಸಿರಿಗೆ ಅಲೆಯುವುದು ತಪ್ಪುತ್ತದೆ.

ಮೇವಿನ ಕೆಲಸದಲ್ಲಿ ಧೂಳು, ಹೊಟ್ಟು ಹೆಚ್ಚು. ರೇಡಿಯೇಟರ್ ಜಾಲರಿ, ಏರ್ ಫಿಲ್ಟರ್ ದಿನವೂ ನೋಡಿ. ಎಂಜಿನ್ ಆಯಿಲ್ ಕೈಪಿಡಿಯ ಲೆಕ್ಕದಂತೆ ಬದಲಿಸಿ.

ಆದರೆ ರಿಪೇರಿ ಮಾಡಿದ ಜಾಗದಲ್ಲೇ ಮೇವು ಕತ್ತರಿಸಬೇಡಿ. ಹಸು ಆರಿಸಿ ತಿನ್ನುವ ಪ್ರಾಣಿಯಲ್ಲ; ಮೊಳೆ, ತಂತಿ ತುಂಡು ಮೇವಿನೊಂದಿಗೇ ನುಂಗುತ್ತದೆ. ಅದು ಎರಡನೇ ಹೊಟ್ಟೆಯಲ್ಲಿ ನಿಂತು, ಮುಂದಿರುವ ಹೃದಯಕ್ಕೆ ಚುಚ್ಚಿದರೆ ನಾವು ಓಡಿ ಬಂದರೂ ರಾಸು ಉಳಿಯುವುದು ಕಷ್ಟ. ಕತ್ತರಿಸಿದ ಮೇವು ಬೀಳುವ ಕಡೆ ಒಂದು ಅಯಸ್ಕಾಂತ ಕಟ್ಟಿ, ಖರ್ಚು ಹೆಚ್ಚಿಲ್ಲ.

ಮನುಷ್ಯರ ಮಾತೂ ಇದೆ. ಪಿಟಿಒ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಸೆರಗು, ಲುಂಗಿ ಸಿಕ್ಕಿದರೆ ಎಳೆದುಕೊಳ್ಳಲು ಹೊತ್ತೇ ಇರುವುದಿಲ್ಲ. ಗ್ರೀಸ್ ಹಚ್ಚಲು ಅಡ್ಡವೆಂದು ಶಾಫ್ಟಿನ ಕವಚ ಕಿತ್ತು ಮೂಲೆಗೆ ಎಸೆದಿದ್ದರೆ, ನಾಳೆ ಬೆಳಿಗ್ಗೆ ಮೇವು ಕತ್ತರಿಸುವ ಮೊದಲು ಅದನ್ನು ಹಾಕಿಸಿ.